ನಾಲ್ಕು ಬೆರಳು ನೇರಳೆ

ಚೌಕಿಪೇಟೆಯ ಒಳಗಲ್ಲಿಯಲ್ಲಿ
ಜ್ಞಾನೋಬ ಮಾಮನ ಅಂಗಡಿ. ನಾನಲ್ಲಿ ಕಾಜ ಹಾಕುವವಳು.
ಗಿರಾಕಿಯಿಲ್ಲದ ಮಧ್ಯಾಹ್ನ
ಮಷಿನ್ನಿನ ಡ್ರಾಯರ್ ಎಳೆದು, ಬಾಬಿನ್ನುಗಳ ಅಡಿಯಿಂದ
ಒಂದು ನಶ್ಯದ ಡಬ್ಬಿ ಎತ್ತುತ್ತಾನೆ.
ಒಳಗೆ ನಶ್ಯವಿಲ್ಲ.
ನಾಲ್ಕು ಬೆರಳುದ್ದದ ರಿಬ್ಬನ್ನು, ಅಷ್ಟೇ.

ಬೆಳಗಾವಿಯ ಪಲ್ಟನ್ನಿನಲ್ಲಿ ಮೂವತ್ತು ವರ್ಷ ದರ್ಜಿ.
ಎಷ್ಟೆದೆಗಳ ಮೇಲೆ ಎಷ್ಟು ಪಟ್ಟಿ ಕೂರಿಸಿದನೋ,
ಲೆಕ್ಕ ಇಟ್ಟಿಲ್ಲ.
ಇದನ್ನು ಮಾತ್ರ ಒಂದೇ ಒಂದು ಸಲ.
ಪರೇಡಿಗೆ ಬಂದ ಅತಿಥಿಯ ಪದಕದಲ್ಲಿ
ರಿಬ್ಬನ್ನು ನೂಲು ಬಿಟ್ಟಿತ್ತಂತೆ,
ರಾತ್ರೋರಾತ್ರಿ ಹೊಸದು ಹಾಕಬೇಕಿತ್ತು.
ಕತ್ತರಿಗೆ ಉಳಿದದ್ದು ಇದು.

"ಗೆರಿ ಇಲ್ಲ, ಅಂಚಿಲ್ಲ, ಎರಡನೇ ಬಣ್ಣ ಇಲ್ಲ ನೋಡು.
ಬರೀ ನೇರಳೆ. ಅಗಲ ಮೂವತ್ತೆರಡು ಮಿಲಿಮೀಟರು.
ಪದಕ ಒಂದೂಕಾಲು ಇಂಚು ದಾಟಿ
ಒಂದೂವರೆ ಮುಟ್ಟದಂಗೆ ನಿಂತ ಕಂಚು.
ಬಂಗಾರದಾಗ ಮಾಡಬಹುದಿತ್ತು. ಮಾಡಲಿಲ್ಲ."
ನಮ್ಮಜ್ಜಿಯ ಗಂಗಾಳವೂ ಕಂಚಿನದೇ,
ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು ಎಂದೆ.
ಮಾಮ ಬೇಜಾರು ಮಾಡಿಕೊಳ್ಳಲಿಲ್ಲ.

ಚಿತ್ರ ಬರೆದವಳು ಹೆಂಗಸಂತೆ,
ದೂರದೇಶದಲ್ಲಿ ಹುಟ್ಟಿ, ಫೌಜಿನವನ ಕೈಹಿಡಿದು,
ನಮ್ಮ ಪುರಾಣ ನಮಗಿಂತ ಗಮನವಿಟ್ಟು ಓದಿದವಳು.
ಮೊದಲ ಪದಕ ಅವಳ ಬೀಗರ ಮನೆಗೇ ಹೋಯಿತು,
ಅಳಿಯನ ಒಡಹುಟ್ಟಿದವನ ಹೆಸರಿಗೆ.
ಅಷ್ಟರಲ್ಲಿ ಅವನಿರಲಿಲ್ಲ.
ಬೀಗರಿಗೆ ನಾವೇನು ಕೊಡುತ್ತೇವೆ?
ಪಂಚೆ, ಕುಬುಸದ ಕಣ,
ಕೈ ಧಾರಾಳವಾದರೆ ಒಂದು ಬೆಳ್ಳಿ ಬಟ್ಟಲು.

ಜನವರಿಯಲ್ಲಿ, ಮಂಡಕ್ಕಿ ಭಟ್ಟಿಯ ಷಹತಾಜ್ ಬಂದಳು,
ಸೆರಗಿಗಿನ್ನೂ ಹೊಟ್ಟಿನ ಹೊಗೆ ವಾಸನೆ,
ಹಿಂದೆ ಮಗ ಮುಜಮ್ಮಿಲ್.
ಸ್ಕೂಲಿನಲ್ಲಿ ಸಿಪಾಯಿ ವೇಷವಂತೆ.
"ಎಲ್ಲಕ್ಕಿಂತ ದೊಡ್ಡ ಮೆಡಲ್ಲೇ ಬೇಕಂತ ಕುಂತಾನ್ರಿ ಇವ."

ಬಿಸ್ಕತ್ತಿನ ಡಬ್ಬಿಯ ಮುಚ್ಚಳ ದುಂಡಗೆ ಕತ್ತರಿಸಿ
ಮೊಳೆಯ ತುದಿಯಿಂದ ಗೀರುತ್ತ ಮಾಮ ಹೇಳತೊಡಗಿದ:
ನಡುವೆ ಸಿಂಹಗಳು. ಸುತ್ತ ನಾಲ್ಕು ವಜ್ರ.
ಹುಡುಗನ ಕಣ್ಣು ಅರಳಿತು. "ಅಸಲಿ ವಜ್ರಾನಾ?"
"ಹರಳಲ್ಲೋ ತಮ್ಮಾ. ವಜ್ರಾಯುಧ. ಎಲುಬು.
ದಧೀಚಿ ಅಂತ ಒಬ್ಬ ಇದ್ದ.
ದೇವರು ಬಂದು ಬೆನ್ನೆಲುಬು ಕೇಳಿದರು, ಕೊಟ್ಟ."
"ಕೊಟ್ಟಮ್ಯಾಲೆ ಹೆಂಗ್ ನಡದ?"
ಮಾಮನ ತುಟಿಯಲ್ಲಿ ಗುಂಡುಸೂಜಿಯಿತ್ತು.

ನಶ್ಯದ ಡಬ್ಬಿ ಮೇಜಿನ ಮೇಲೇ ತೆರೆದಿತ್ತು.
ಹುಡುಗ ಕೈಚಾಚಿದ.
ಮಾಮ ಮುಚ್ಚಿದ, ಒರಟಾಗಿ ಅಲ್ಲ.
ಲೈನಿಂಗ್ ಬಟ್ಟೆಯ ಗಂಟು ಬಿಚ್ಚಿ
ಬದನೆಕಾಯಿ ಬಣ್ಣದ ಒಂದು ತುಂಡು ತೆಗೆದು
ಎರಡೂ ಅಂಚು ಮಡಚಿ ಹೊಲಿದ.
ಬಟ್ಟೆ ಸುಳ್ಳು, ತಗಡು ಸುಳ್ಳು;
ಅಗಲವನ್ನು ಮಾತ್ರ ಟೇಪಿಟ್ಟು ಎರಡು ಸಲ ನೋಡಿದ,
ಮೂವತ್ತೆರಡು.

ಆಮೇಲೆ ನನ್ನ ಕಿವಿಗಷ್ಟೇ ಬೀಳುವಂತೆ:
"ಈತನಕ ಇಪ್ಪತ್ತೊಂದು ಕೊಟ್ಟಾರ.
ಹದಿನಾಲ್ಕಕ್ಕೆ ಎದೆ ಅಳತಿ ಯಾರೂ ಕೇಳಲಿಲ್ಲ."

ಪಿನ್ನು ಹಾಕುವುದು ನನ್ನ ಪಾಲಿಗೆ ಬಂತು.
ಚುಚ್ಚೀತೆಂದು ಅಂಗಿಯ ಒಳಗೆ ಎರಡು ಬೆರಳಿಟ್ಟೆ.
ಬೆರಳ ಹಿಂದೆ ಏಳು ವರ್ಷದ ಎದೆ,
ಪೆಡಲ್ ಮೇಲೆ ಕಾಲಿಟ್ಟ ಹಾಗೆ ಓಡುತ್ತಿತ್ತು.
ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ ನಾನು.
ಷಹತಾಜ್ ಏನೂ ಕೇಳಲಿಲ್ಲ,
ಅವಳ ನೋಟವೂ ಅಲ್ಲೇ ಇತ್ತು.

ದುಡ್ಡಿಗೆ ಬದಲು ಎರಡು ಸೇರು ಮಂಡಕ್ಕಿ ಅಂದ ಮಾಮ.
ಹುಡುಗ ಮೆಟ್ಟಿಲಿಳಿದು ಒಂದೇ ಓಟ.

ಅಸಲಿ ಪದಕದ ಕೊಂಡಿಯೂ ತಿರುಗುತ್ತದಂತೆ,
ಬೆನ್ನಿಗೆ ಎರಡು ತಾವರೆಯಿವೆಯಂತೆ.
ನಾವು ಗೀರಲು ಮರೆತಿದ್ದೆವು.
ಗಲ್ಲಿಯ ತಿರುವಿನಲ್ಲಿ ತಗಡು ಮಗುಚಿಕೊಂಡು
ಬಿಸಿಲಿಗೆ ಒಮ್ಮೆ ಮಿಂಚಿತು:
ಬಿಸ್ಕತ್ತಿನ ಬೆಲೆ,
ಯಾವ ತಿಂಗಳೊಳಗೆ ತಿಂದು ಮುಗಿಸಬೇಕೆಂಬ
ಅರ್ಧ ಅಳಿಸಿದ ಸಾಲು.