ಐಸ್ ಹಾಕುವುದು

ಬೈತಖೋಲದ ಐಸ್ ಕಾರ್ಖಾನೆ, ರಾತ್ರಿ ಪಾಳಿ.
ಅಮೋನಿಯದ ವಾಸನೆ, ಕಂಪ್ರೆಸರಿನ ಗುರುಗುರು,
ತೊಟ್ಟಿಯ ಹಲಗೆಗೆ ಒರಗಿಸಿಟ್ಟ ಮೊಬೈಲಿನಲ್ಲಿ
ಅಮೆರಿಕದವರ ಫುಟ್‌ಬಾಲು.
ಚೆಂಡು ಪಾತಿದೋಣಿಯ ಹಾಗೆ, ಎರಡೂ ತುದಿ ಚೂಪು.
ಹೆಸರು ಕಾಲಿನದು, ಆಟವೆಲ್ಲ ಕೈಯಲ್ಲಿ.

ಒಬ್ಬನನ್ನು ಬಿಟ್ಟು.

ಮೂರು ತಾಸು ಬೆಂಚಿನ ತುದಿಗೆ ಕೂತಿರುತ್ತಾನೆ,
ಅಂಗಿಗೆ ಮಣ್ಣು ಹತ್ತದವನು.
ಮಿಕ್ಕವರು ಗೂಳಿಗಳಂತೆ ಗುದ್ದಾಡಿ
ಇನ್ನು ದಾರಿಯಿಲ್ಲ ಅನ್ನುವಾಗ ಇವನಿಗೆ ಕರೆ:
ಬಾ, ಒದ್ದು ಹೋಗು.

ಅವನೊಬ್ಬನ ಸುತ್ತ ಎಷ್ಟೊಂದು ಕಾಯಿದೆ!
ಚೆಂಡು ಕಂಬಕ್ಕೆ ಬಡಿದು ಒಳಗೆ ಬಿದ್ದರೂ ಲೆಕ್ಕಕ್ಕುಂಟು.
ತಪ್ಪಿದರೆ, ಒದ್ದ ಜಾಗದಿಂದಲೇ ಎದುರಾಳಿಯ ಪಾಲು.
ಒದ್ದ ಕಾಲು ಇನ್ನೂ ಗಾಳಿಯಲ್ಲಿರುವಾಗ
ಯಾರೂ ಅವನನ್ನು ಮುಟ್ಟಕೂಡದು, ಮುಟ್ಟಿದರೆ ದಂಡ.
ಇನ್ನೊಂದುಂಟು, ನನಗೆ ನಗು ಬಂದದ್ದು ಅದಕ್ಕೆ:
ಅವನು ಹೆಜ್ಜೆ ಅಳೆದು, ಉಸಿರು ಹಿಡಿದು ನಿಂತ
ಆ ಗಳಿಗೆಗೇ ಸರಿಯಾಗಿ
ಎದುರು ಪಾಳಯದ ಕೋಚು ಆಟ ನಿಲ್ಲಿಸಬಹುದು.
ಸುಮ್ಮನೆ. ನಿಂತು ಯೋಚನೆ ಮಾಡಲಿ ಅಂತ.
ಅದಕ್ಕೆ ಅವರು ಅನ್ನುವುದು, ಐಸ್ ಹಾಕುವುದು.

ಹತ್ತೊಂಬತ್ತು ವರ್ಷದಿಂದ ನಾನೂ ಹಾಕುತ್ತಿದ್ದೇನೆ
ಬಂಗಡೆಗೆ, ತಾರಲೆಗೆ, ಶೆಟ್ಲಿಗೆ.

ನನಗೂ ಒಮ್ಮೆ ಹಾಕಿದ್ದರು.
ಮಾಲಾದೇವಿ ಮೈದಾನ. ಕೋಡಿಬಾಗ, ಸದಾಶಿವಗಡ ಸಮಸಮ.
ಪೆನಾಲ್ಟಿ ಒದ್ದೆ. ಬಲೆ ಅಲುಗಿತು.
ನಮ್ಮವರೆಲ್ಲ ಹಾರಿ ಮೈಮೇಲೆ ಬಿದ್ದರು.
ರೆಫ್ರಿ ಸೀಟಿ ಊದಿದ: ಗೆರೆ ದಾಟಿದ್ದಾನೆ,
ದಾಟಿದವ ನಮ್ಮದೇ ಪುರುಸು. ಮತ್ತೊಮ್ಮೆ ಒದೆ.
ಆ 'ಮತ್ತೊಮ್ಮೆ'ಯ ಒಳಗೆ
ಒಂದು ದೋಣಿ ಮೀನು ಹೆಪ್ಪುಗಟ್ಟುವಷ್ಟು ಹೊತ್ತಿತ್ತು.

ಚೆಂಡು ಗೋಡೆಯಾಚೆ ಹೋಯಿತು.
ಗಾಳಿಯ ತಪ್ಪು ಅಂದರು ಕೈತಾನ್ ಮಾಸ್ತರರು.
ಗಾಳಿ ಇರಲಿಲ್ಲ.
ನನ್ನ ಕಾಲು ಯಾವಾಗಲೋ ನೆಲಕ್ಕೆ ಬಂದಿತ್ತು,
ಅಂಥ ಕಾಯಿದೆಯೂ ನಮ್ಮಲ್ಲಿಲ್ಲ,
ಆದರೂ ಯಾರೂ ಮುಟ್ಟಲಿಲ್ಲ.

ಇವರ ಆಟದಲ್ಲಿ ಒದೆಯುವವನ ಮುಂದೆ
ಇನ್ನೊಬ್ಬ ಮೊಣಕಾಲೂರಿ ಕೂರುತ್ತಾನೆ.
ಬಂದ ಚೆಂಡು ಹಿಡಿದು, ಹೊಲಿಗೆ ಅತ್ತ ತಿರುಗಿಸಿ,
ಒಂದೇ ಬೆರಳಲ್ಲಿ ನೆಟ್ಟಗೆ ನಿಲ್ಲಿಸುತ್ತಾನೆ.
ಅವನ ಹೆಸರು ಯಾರೂ ಕೂಗುವುದಿಲ್ಲ.

ನನಗೆ ಮುಕ್ತಕ್ಕ ಹಿಡಿಯುತ್ತಿದ್ದಳು.
ಕಾಳಿ ಕಡಲು ಸೇರುವಲ್ಲಿ, ಎರಡು ಗಾಳಿಮರಗಳ ಎದುರು,
ನಿಂತಲ್ಲಿ ನಿಲ್ಲದ ಪ್ಲಾಸ್ಟಿಕ್ ಚೆಂಡಿನ ನೆತ್ತಿ ಒತ್ತಿ,
ಕಣ್ಣು ಬಿಗಿಯಾಗಿ ಮುಚ್ಚಿ:
"ಬೆರಳು ನಂದು, ನಿಂಗೆಂತ ಹೆದರಿಕೆ?"

ನಾಲ್ಕು ಗಂಟೆ. ಫೋನಿನೊಳಗೆ ಅವನಿನ್ನೂ ನಿಂತಿದ್ದಾನೆ.
ಚಾರ್ಜು ಮುಗಿದು ಪರದೆ ಕಪ್ಪಾಯಿತು.
ಬಾಗಿಲಲ್ಲಿ ಬುಟ್ಟಿ ಇಳಿಸಿದ ಸದ್ದು.
"ಅರ್ಧ ಲಾದಿ ಸಾಕು ಇವತ್ತು. ಬಲೆ ತುಂಬ ಲೋಳೆಮೀನಂತೆ."

ಜಾರಿಸಿ ತಂದು ನಿಲ್ಲಿಸಿದೆ. ಲಾದಿ ಓಲಾಡಿತು.
ಅಕ್ಕ ಅದರ ನೆತ್ತಿಗೆ ಒಂದು ಬೆರಳಿಟ್ಟಳು,
ಚೂರು ಕಣ್ಣಿಗೆ ಸಿಡಿಯದಂತೆ ಮುಖ ಆಚೆ ತಿರುಗಿಸಿ
ಹೊಡಿ, ಅಂದಳು.