ಗಾಳಿಯ ಬಾಡಿಗೆ

ಡೆನಿಜ್ಲಿಯಲ್ಲಿ ನಾವು ನೇಯುವುದು ಟವೆಲು.
ಸಾಗಿಸುತ್ತಿದ್ದುದು ಗಾಳಿ.
ಇದು ತಿಳಿಯಲು ನನಗೆ ಹದಿನಾಲ್ಕು ವರ್ಷ ಸಾಲಲಿಲ್ಲ,
ನಜ್ಮಿಯೆಗೆ ಒಂದು ಮಧ್ಯಾಹ್ನ ಸಾಕಾಯಿತು.

ಪ್ರತಿ ಶುಕ್ರವಾರ ಗೋದಾಮಿನ ಕಪ್ಪು ಹಲಗೆಯೆದುರು ನಿಲ್ಲುತ್ತೇವೆ,
ಬೆರಳ ತುದಿ ಸುಡುವ ಸಣ್ಣ ಗಾಜಿನ ಲೋಟಗಳಲ್ಲಿ ಚಹಾ.
ತೆವ್ಫಿಕ್ ಬೇ ಕೇಳುತ್ತಾರೆ:
"ಈ ವಾರ ಏನು ಕಡಿಮೆ ಮಾಡಿದಿರಿ?"
ಲೋಕವೆಲ್ಲ ಎಷ್ಟು ಕೂಡಿತು ಅನ್ನುವಾಗ
ನಮ್ಮ ಲೆಕ್ಕ ಉಲ್ಟಾ.
ಒಬ್ಬ ಹೇಳುತ್ತಾನೆ, ಟೇಪು, ಪೆಟ್ಟಿಗೆಗೊಂದು ಗೇಣು.
ಇನ್ನೊಬ್ಬ, ಫೋರ್ಕ್‌ಲಿಫ್ಟಿನ ಒಂದು ಸುತ್ತು.
ರವಾನೆಯ ಗುಮಾಸ್ತೆ ಸಬಿಹಾ, ಅಂದರೆ ನಾನು,
ಕೆಮ್ಮಿ ಪುಟ ತಿರುವುತ್ತೇನೆ.

ನಜ್ಮಿಯೆ ಮಾತಾಡುವವಳಲ್ಲ.
ಅವತ್ತು ಒಂದು ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟು
ಎರಡೂ ಅಂಗೈ ಊರಿ ಒತ್ತಿದಳು.
ಪೆಟ್ಟಿಗೆ ಉಸಿರು ಬಿಟ್ಟಿತು,
ಕಾಫಿಯಂಗಡಿಯ ಬೆಂಚಿಗೆ ಒರಗುವಾಗ
ಮುದುಕರು ಬಿಡುತ್ತಾರಲ್ಲ, ಅಂಥದು.
"ಇಜ್ಮಿರ್‌ವರೆಗೂ," ಅಂದಳು,
"ಇದಕ್ಕೂ ಬಾಡಿಗೆ ಕೊಡ್ತಿದ್ದೀರಿ."

ನಾಲ್ಕು ಮಡಿಕೆಯ ಬದಲು ಮೂರು,
ಮಗುವಿನ ಬಟ್ಟೆ ಮಡಿಸುವ ಹಾಗೆ ಅಂಚು ಒಳಕ್ಕೆ,
ಮೊಣಕೈಯಿಂದ ಒಂದು ಒತ್ತು.
ಮೂವತ್ತಾರು ಹಿಡಿಯುತ್ತಿದ್ದಲ್ಲಿ ನಲವತ್ತು ಕೂತವು.
ತುಂಬಿದ ಪೆಟ್ಟಿಗೆ ತುಳುಕಲಿಲ್ಲ,
ಮೂಲೆ ಜಜ್ಜುವುದೂ ನಿಂತಿತು.
ಹತ್ತು ಲಾರಿಯ ಸರಕು ಒಂಬತ್ತರಲ್ಲಿ ಹೊರಟಿತು.
ಹಲಗೆಯ ಮೇಲೆ ಗೆರೆ ಇಳಿಯಿತು,
ಇಳಿದದ್ದಕ್ಕೇ ಚಪ್ಪಾಳೆ.
ನಜ್ಮಿಯೆಗೆ ಒಂದು ಡಬ್ಬಿ ಮಿಠಾಯಿ, ಒಂದು ಫೋಟೋ.
ಫೋಟೋದಲ್ಲಿ ಅವಳು ಕಣ್ಣು ಮುಚ್ಚಿದ್ದಾಳೆ.

ಹತ್ತನೆಯದು ರೆಫಿಕ್‌ನ ಲಾರಿ.

ಅವನ ಹೆಸರಿನ ಮೇಲೆ ಗೀಟೆಳೆದ ಪೆನ್ನು ನನ್ನದು.
ಹನ್ನೆರಡು ವರ್ಷ ಹೋಗುವಾಗ ನಮ್ಮ ಟವೆಲು,
ಬರುವಾಗ ಬರಿದು,
ನಾಜಿಲ್ಲಿಯಲ್ಲಿ ಕೊಳ್ಳುವ ಒಂದು ಪೊಟ್ಟಣ ಅಂಜೂರ ಬಿಟ್ಟರೆ.
ಆ ಅಂಜೂರ ನೇರ ನನ್ನ ಮೇಜಿಗೆ ಬರುತ್ತಿತ್ತು.
ಯಾವ ಖರ್ಚಿನ ಕಾಲಮ್ಮಿನಲ್ಲೂ ಅದು ಇರಲಿಲ್ಲ,
ಆದ್ದರಿಂದ ಉಳಿತಾಯದಲ್ಲೂ ಬರಲಿಲ್ಲ.

ಗೇಟಿನ ಹತ್ತಿರ ಸಿಕ್ಕಿದ. ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.
"ಹನ್ನೆರಡು ವರ್ಷ ನಾನು ಗಾಳಿ ಹೊತ್ತೆನಂತಲ್ಲ ಸಬಿಹಾ!
ಮತ್ತೆ ಏರಿನಲ್ಲಿ ಇಂಜಿನ್ನು
ಅಷ್ಟೊಂದು ಯಾಕೆ ಏದುತ್ತಿತ್ತೋ," ಅಂದು ನಕ್ಕ.
ನಗು ಮುಗಿದ ಮೇಲೂ ಸ್ವಲ್ಪ ಹೊತ್ತು
ಕೀಲಿಕೈ ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದ.

ರಾತ್ರಿ ಮನೆಯಲ್ಲಿ ಒಣಗಿದ ಬಟ್ಟೆ ಮಡಿಸಲು ಕೂತೆ.
ಮೂರು ಮಡಿಕೆ. ಮೊಣಕೈ. ಉಸಿರು ಹೋಯಿತು.
ಕೈ ತೆಗೆದರೆ ಟವೆಲು ಮೆಲ್ಲಗೆ,
ನೋಡುತ್ತಿದ್ದರೂ ಕಾಣದಷ್ಟು ಮೆಲ್ಲಗೆ,
ಮತ್ತೆ ಉಬ್ಬಿಕೊಂಡಿತು.
ಹತ್ತಿಗೆ ಒಳಗೊಂದಿಷ್ಟು ಗಾಳಿ ಬೇಕು,
ಇಲ್ಲದಿದ್ದರೆ ಅದು ಯಾರ ಮೈಯನ್ನೂ ಒರೆಸಲಾರದು.
ಇದು ನಜ್ಮಿಯೆಗೆ ಗೊತ್ತಿದ್ದೀತು.
ಮಾತಾಡುವವಳಲ್ಲ, ನಾನೂ ಕೇಳಿರಲಿಲ್ಲ.

ಮುಂದಿನ ಶುಕ್ರವಾರ ನಾನು ಕೆಮ್ಮಲಿಲ್ಲ.
ಚೀಟಿಯಲ್ಲಿ ಬರೆದಿದ್ದೆ:
ಒಂಬತ್ತು ಲಾರಿ, ಇಜ್ಮಿರ್‌ನಿಂದ ಖಾಲಿ ವಾಪಸ್ಸು.
ಇನ್ನೂರ ನಲವತ್ತು ಕಿಲೋಮೀಟರ್
ಮೂಲೆಯಿಂದ ಮೂಲೆಗೆ ಗಾಳಿ.
ಅದೇ ಬಂದರಿನಲ್ಲಿ ನಮ್ಮದೇ ನೂಲಿನ ಬೇಲುಗಳು
ಇನ್ನೊಬ್ಬರ ಲಾರಿಗೆ ಕಾಯುತ್ತವೆ, ಬೇರೆ ಬಾಡಿಗೆಗೆ.
ಕೆಳಗೆ ಉಳಿತಾಯದ ಅಂಕಿ, ಎರಡು ಸಲ ಕೂಡಿಸಿ ನೋಡಿದ್ದು.
ಅದರ ಕೆಳಗೆ, ಸಣ್ಣಗೆ:
ನೋಡಿಕೊಳ್ಳಲು ಅಲ್ಲೊಬ್ಬ ಮನುಷ್ಯ ಬೇಕು,
ದಾರಿ ಬಲ್ಲವನು.
ಹೆಸರು ಬರೆಯಲಿಲ್ಲ.

ತೆವ್ಫಿಕ್ ಬೇ ಓದಿದರು. ಇನ್ನೊಮ್ಮೆ ಓದಿದರು.
"ನೋಡೋಣ," ಅಂದು ಚೀಟಿ ಮಡಿಸಿ ಜೇಬಿಗಿಟ್ಟುಕೊಂಡರು.
ನಾಲ್ಕು ಮಡಿಕೆ, ನಡುವೆ ಗಾಳಿ.
ನಾನು ಎಣಿಸಿದೆ.