ಗೋಡೆ ಹತ್ತುವ ಬೆರಳು

ಸ್ಟೂಲಿನ ಒಂದು ಕಾಲು ಗಿಡ್ಡ. ಗೊತ್ತಿತ್ತು.
ಗೊತ್ತಿದ್ದೂ ಹತ್ತಿದೆ, ಕೈಯಲ್ಲಿ ಹದಿನೈದು ಕೆಜಿ ರಾಗಿ.
ಸೀಗೆಹಟ್ಟಿಯ ಈ ಗಿರಣಿಯಲ್ಲಿ ಹನ್ನೊಂದು ವರ್ಷ
ದಿನಕ್ಕೆ ನಲವತ್ತು ಸಲ ಹತ್ತಿ ಇಳಿದವಳು
ಅವತ್ತು ಇಳಿಯಲಿಲ್ಲ, ಬಿದ್ದೆ.
ಬಲಭುಜದ ತುದಿ ನೇರ ಸಿಮೆಂಟು ಕಟ್ಟೆಗೆ.
ಬೆಲ್ಟು ಮಾತ್ರ ತಿರುಗುತ್ತಲೇ ಇತ್ತು,
ಒಣಗಲ್ಲಿಗೆ ಒಣಗಲ್ಲು ಉಜ್ಜುತ್ತ.

ಶುರುವಾಯಿತು ಬಾಯಿವೈದ್ಯ.
ಲಕ್ಕಿಸೊಪ್ಪಿನ ಶಾಖ ಕೊಡು, ಎಂದಳು ದ್ಯಾವಕ್ಕ.
ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಓಡುತ್ತೆ,
ನನ್ನ ತಮ್ಮ ಹಾಗೇ ಹುಟ್ಟಿದ್ದು, ಕಳಿಸಲೇ? ಎಂದಳು ಸೆಲ್ವಿ.
ಮೆಣಸಿನಪುಡಿಗೆ ಬಂದಿದ್ದ ಮುದುಕ
ಏನೂ ಹೇಳದೆ ಮೋಟರು ಆರಿಸಿದ.

ಮೆಗ್ಗಾನಿನಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು.
ಮೊದಲು ಮುಟ್ಟಲಿಲ್ಲ, ನೋಡಿದಳು,
ಎಡಹೆಗಲು, ಬಲಹೆಗಲು,
ತಕ್ಕಡಿಯ ಮುಳ್ಳು ನೋಡುವ ಹಾಗೆ.
ಬೆರಳು ಜೋಮು ಹಿಡಿದಿದೆಯಾ? ಮುಷ್ಟಿ ಕಟ್ಟಿ.
ಕೊರಳೆಲುಬಿನ ಗುಂಟ ಒತ್ತುತ್ತ ಬಂದಳು,
ತುದಿ ಮುಟ್ಟಿದಾಗ ನನ್ನ ಬಾಯಿಂದ
ಸತ್ತ ಅವ್ವ ಹೊರಬಂದಳು.
ಈ ಕೈ ಆ ಹೆಗಲು ಮುಟ್ಟಲಿ, ಎಂದಳು.
ಅರ್ಧ ದಾರಿಯಲ್ಲೇ ಕೂತುಬಿಟ್ಟಿತು ಕೈ.

ಫಿಲಮ್ಮು ಬೆಳಕಿಗೆ ಹಿಡಿದು: ಮೂಳೆ ಮುರಿದಿಲ್ಲ,
ಕೀಲು ಜಾರಿಲ್ಲ, ಕಟ್ಟಿ ಹಿಡಿದ ನಾರು ಜಗ್ಗಿದೆ.
ಉಜ್ಜಬೇಡಿ, ಎಳೆಸಿಕೊಳ್ಳಬೇಡಿ, ಯಾರಿಂದಲೂ ಒದೆಸಿಕೊಳ್ಳಬೇಡಿ.
(ಸೆಲ್ವಿಯ ತಮ್ಮನ ವಿಷಯ ಇವಳಿಗೆ ಹೇಗೆ ಗೊತ್ತು?)
ಬಟ್ಟೆಯಲ್ಲಿ ಸುತ್ತಿದ ಐಸು, ಊಟದ ಮೇಲೆ ಮಾತ್ರೆ,
ಎರಡು ವಾರ ಕೈ ಜೋಳಿಗೆಯಲ್ಲಿ.

ಜೋಳಿಗೆ ಹಾಕಿಕೊಂಡು ಗಲ್ಲೆಯ ಮುಂದೆ ಕೂತೆ.
ತಂದವರೇ ಎತ್ತಿ ಸುರಿದರು ತಮ್ಮ ತಮ್ಮ ಡಬ್ಬಿ.
ಸೊಂಟದ ಮೇಲೆ ಇಷ್ಟು ಭಾರ ಇರಲಿಲ್ಲ ಕಣೇ,
ಎಂದಳು ದ್ಯಾವಕ್ಕ, ರಾಗಿ ಅವಳ ತಲೆ ದಾಟುವಾಗ.
ನಾನು ಎಡಗೈಯಲ್ಲಿ ಚಿಲ್ಲರೆ ಎಣಿಸಿದೆ.

ಆಮೇಲೆ ಹೊಸ ಪಾಠ:
ಬಾಗಿ, ಕೈ ಇಳಿಬಿಟ್ಟು,
ಬಾವಿಗಿಳಿದ ಕೊಡದ ಹಾಗೆ ತೂಗಾಡಿಸು.
ಗೋಡೆಗೆ ಬೆರಳಿಟ್ಟು ಮೇಲಕ್ಕೆ ನಡೆಸು,
ನೋವು ಬೇಡ ಎಂದಲ್ಲಿ ನಿಲ್ಲಿಸು.

ಶಟರು ಎಳೆದ ಮೇಲೆ ನಡೆಸುತ್ತೇನೆ.
ಹಿಟ್ಟು ಮೆತ್ತಿದ ಬೆರಳು, ಹಸಿರು ಗೋಡೆ.
ಮೊದಲ ದಿನದ ಗುರುತು ಸ್ವಿಚ್ಚಿನ ಮಟ್ಟಕ್ಕೆ,
ವಾರಕ್ಕೆ ಕ್ಯಾಲೆಂಡರಿನ ಕೆಳತುದಿ,
ಸೋಮವಾರ ಒಂದಿಂಚು ಕೆಳಗೇ.
ಭಾನುವಾರ ಸುಮ್ಮನಿರಲಾರದೆ ಕಂಬಳಿ ಹಿಂಡಿದ್ದೆ.

ಇವತ್ತು ನಡುಬೆರಳು ಏಕಾದಶಿಯ ಮನೆ ಮುಟ್ಟಿತು.
ಗಿರಣಿಯ ಬಾಯಿ ಇನ್ನೂ ಒಂದು ಗೇಣು ಮೇಲಿದೆ.
ಗೋಡೆ ಒರೆಸಬೇಡ ಎಂದಿದ್ದೇನೆ ಮಗಳಿಗೆ.
ಸ್ಟೂಲಿನ ಕಾಲಿಗೆ ಮಾತ್ರ
ಇನ್ನೂ ಯಾರೂ ಏನೂ ಮಾಡಿಲ್ಲ.